ಚಂದ್ರಿಯ ಫ್ರಾಕಿನ ಬಣ್ಣ

ಬಶಿಯ ನೀರಿನಲ್ಲಿ ಗುಲಾಬಿ ಬಣ್ಣ ಬಿಚ್ಚಿಕೊಳ್ಳುತ್ತಿದೆ, ಕುಂಚದ ತುದಿಯಿಂದ ಎಳೆ ಎಳೆಯಾಗಿ, ಇನ್ನೊಂದು ಹನಿ ನೀರು ಬೇಕು, ಇಷ್ಟು ಗಾಢವಾದರೆ ಮದುಮಗಳ ಕೆನ್ನೆಯಲ್ಲ, ಏಟು ತಿಂದ ಕೆನ್ನೆ — ಖಾನಾಪುರದ ಸಿದ್ದಕ್ಕನ ಮದುವೆ ಫೋಟೋ, ಕಪ್ಪು ಬಿಳುಪು, ಸೀರಿ ಹಸರ, ದಡಿ ಕೆಂಪರಿ ಎಂದು ಅವಳ ತಾಯಿ ಹೇಳಿ ಹೋಗಿದ್ದಾಳೆ, ಹೇಳಿದ ಹಾಗೆ ನಾನು ಬಳಿಯಬೇಕು, ಮದುವೆಯಾಗಿ ಬಂದಾಗಿನಿಂದ ಇದೇ ಕೆಲಸ, ಗಂಡ ಫೋಟೋ ತೆಗೆಯುವುದು, ನಾನು ಪರದೆಯ ಹಿಂದೆ ಕೂತು ನೆಗೆಟಿವಿನ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ಮುಚ್ಚುವುದು, ಆಮೇಲೆ ಬಣ್ಣ. ಬೆಳಗಾವಿಯ ಖಾಸಬಾಗದ ಈ ಅಂಗಡಿಗೆ ಬಂದವರು ಕಾಂತಕ್ಕಾರ ಕೈಲೆ ಬಣ್ಣ ಹಾಕಸ್ರಿ ಅನ್ನುತ್ತಾರೆ, ಆ ಮಾತು ಇನ್ನೆಷ್ಟು ದಿನವೋ, ಪರದೆಯ ಆಚೆ ತಾತ್ಯಾಸಾಹೇಬರು ಬಂದು ಕೂತಿದ್ದಾರೆ, ಟಿಳಕವಾಡಿಯಲ್ಲಿ ಕ್ಯಾಮರಾ ಮಾರುವವರು, ಹೊಸದನ್ನು ಮೇಜಿನ ಮೇಲಿಟ್ಟ ಸದ್ದು ನನಗೂ ಕೇಳಿತು. ನನ್ನ ಗಂಡನಿಗೆ ಹೇಳುತ್ತಿದ್ದಾರೆ, ಹಳೇದು ನನಗ ಕೊಟ್ಟು ಇದನ್ನ ಇಟ್ಕೋರಿ ಗುರುಪುತ್ರಪ್ಪ, ಎಲ್ಲಾರೂ ಈಗ ಕಲರ್ ಕೇಳಾಕತ್ತಾರ, ರೋಲು ಮುಂಬೈಗೆ ಕಳಸೂದು, ತೊಳದು ಬರ್ತೈತಿ, ಬಣ್ಣಾ ಅದರಾಗ ಇರ್ತೈತಿ — ಅದರಾಗ ಇರ್ತೈತಿ, ಹೌದು, ನಾನು ನೋಡಿದ್ದೇನೆ, ನೆಗೆಟಿವ್ ಅಂದರೆ ಅಂಚೆ ಚೀಟಿಯಷ್ಟು, ಅದರ ಮೇಲೆ ಯಾವ ಪೆನ್ಸಿಲ್ ಆಡೀತು.

ಪರದೆ ಸರಿಯಿತು, ನನ್ನ ಗಂಡ, ಚಹಾದ ಕಪ್ಪು ಇನ್ನೂ ಕೈಯಲ್ಲಿದೆ, ನಿನ್ನ ಕೆಲಸ ಹೋಗತೈತಿ ಕಾಂತಾ, ನನಗ ಗೊತ್ತೈತಿ, ನೀ ಬ್ಯಾಡ ಅಂದ್ರ ಈಗ ಹೊಳ್ಳಿ ಕಳಸ್ತೀನಿ. ಕಳಿಸಿಯೂ ಬಿಡುತ್ತಾರೆ, ಅಂಥ ಮನುಷ್ಯ, ಆಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿಗೆ ಹೋಗುವುದನ್ನು ಇಬ್ಬರೂ ಕೂತು ನೋಡುವುದು, ನಾನು ಕುಂಚ ಒರೆಸಿದೆ, ಗೋಡೆಗೆ ಒರಗಿಸಿದ ಆ ಒಂದು ಫೋಟೋ ನನ್ನನ್ನೇ ನೋಡುತ್ತಿತ್ತು, ಹೋದ ತಿಂಗಳು ಪರೀಕ್ಷೆಗೆಂದು ತಂದ ಕ್ಯಾಮರಾದಲ್ಲಿ ಅವರು ತೆಗೆದದ್ದು, ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೇನೆ, ನನ್ನ ಸೀರೆಯ ನೀಲಿ ಹಾಗೆಯೇ ಇದೆ, ಸೆರಗಿನ ಅರಿಶಿನದ ಕಲೆ ಕೂಡ, ಯಾರೂ ಅದಕ್ಕೆ ಹೇಳಿಕೊಡಲಿಲ್ಲ, ಅದು ಯಾವ ತಾಯಿಯನ್ನೂ ಕೇಳುವುದಿಲ್ಲ — ತಾಯಿಯಾದ ನಾನೇ ನನ್ನನ್ನು ಕೇಳಿಕೊಂಡಿದ್ದೆ, ಚಂದ್ರಿಯ ಫ್ರಾಕು ಯಾವ ಬಣ್ಣದ್ದಿತ್ತು.

ಖಾನಾಪುರದಲ್ಲಿ ನನ್ನ ತವರಿನ ಅಂಗಳ, ಮಲಪ್ರಭೆಯ ಕಡೆಯಿಂದ ಗಾಳಿ, ಮಗಳಿಗೆ ಮೂರು ತುಂಬಿ ನಾಲ್ಕು, ಇಲ್ನೋಡ ಚಂದ್ರಿ, ಇಲ್ನೋಡವಾ ಎಂದು ಅವರು ಕ್ಯಾಮರಾಕ್ಕೆ ತಲೆ ಬಗ್ಗಿಸಿ ಕರೆಯುತ್ತಾರೆ, ಅವಳು ನಿಂತಲ್ಲಿ ನಿಲ್ಲುವುದಿಲ್ಲ, ಅದಾದ ಮೇಲೆ ಜ್ವರ, ಬೆಳಗಾವಿಯ ದವಾಖಾನೆಗೆ ಒಯ್ಯಲು ಬಸ್ಸಿಗೆ ಕಾಯುತ್ತಿರುವಾಗಲೇ ನನ್ನ ತೊಡೆಯ ಮೇಲೆ ತಣ್ಣಗಾದಳು, ಫೋಟೋದಲ್ಲಿದ್ದ ಆ ಫ್ರಾಕೆಂದರೆ ಅವಳಿಗೆ ಇಷ್ಟ, ಅದನ್ನೇ ಹಾಕ್ರಿ ಎಂದು ನಾನೇ ಹೇಳಿದೆ, ತೊಡಿಸಿ ಮಣ್ಣು ಮಾಡಿದರು. ವರ್ಷದ ಮೇಲೆ ಫೋಟೋಕ್ಕೆ ಬಣ್ಣ ಹಾಕಲು ಕೂತೆ, ಕೆಂಪು ಹಾಕಿದೆ, ಅವರು ಬಂದು ಬಹಳ ಹೊತ್ತು ನೋಡಿ ಮೆಲ್ಲಗೆ, ನೀಲಿ ಇತ್ತಲ್ಲ ಅಂದರು. ನಾನು ಒದ್ದೆ ಹತ್ತಿಯಿಂದ ಒರೆಸಿ ನೀಲಿ ಹಾಕಿದೆ, ಅದು ನನ್ನ ಮಗಳಲ್ಲ ಅನ್ನಿಸಿತು, ಅವ್ವ ಶಿವಬಸವ್ವನನ್ನು ಕೇಳಿದೆ, ಹಳದಿ ಇತ್ತೇನೋ, ಖರೇ ಅಂದ್ರ ನೆನಪಿಲ್ಲವಾ ಅಂದಳು, ಊರ ಹೆಂಗಸರಿಗೆಲ್ಲ ಬಣ್ಣ ಕೊಟ್ಟವಳು ನಾನು, ಒರೆಸಿದೆ, ಮತ್ತೆ ಮುಟ್ಟಲಿಲ್ಲ.

ತಗೋರಿ, ಅಂದೆ. ಅವರು ನನ್ನ ಮುಖ ನೋಡಿದರು, ಮನಸ್ಸಿನಾಗಿಂದ ಹೇಳಾಕತ್ತಿ ಏನು, ಹೂಂ ತಗೋರಿ, ಸಿದ್ದಕ್ಕನಿಗೆ ಹುಟ್ಟುವ ಮಕ್ಕಳ ಫೋಟೋಕ್ಕಾದರೂ ಯಾವ ಬಣ್ಣವೆಂದು ಯಾರನ್ನೂ ಕೇಳುವ ಕೆಲಸ ಇರಬಾರದು — ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಹಳೆಯ ಕ್ಯಾಮರಾವನ್ನು ಅವರು ತಮ್ಮ ಟವೆಲ್ಲಿನಲ್ಲೇ ಸುತ್ತಿ ಕೊಟ್ಟರು, ಆಚೆಯಿಂದ ತಾತ್ಯಾಸಾಹೇಬರು ನನ್ನನ್ನು ಕರೆದರು, ಮೊದಲನೇ ಫೋಟೋ ವೈನಿಯವರದಽ ಆಗಲಿ, ಬರ್ರಿ, ಇಲ್ಲಿ ಬೆಳಕಿನಾಗ ನಿಂದರ್ರಿ. ನಿಂತೆ, ಬೆರಳಿಗೆ ಗುಲಾಬಿ ಹತ್ತಿದೆ, ಅದೂ ಫೋಟೋದಲ್ಲಿ ಬರುತ್ತದೆ, ಇವರು ಈಗ ತಲೆ ಬಗ್ಗಿಸುವುದಿಲ್ಲ, ಕ್ಯಾಮರಾವನ್ನು ಕಣ್ಣಿಗೇ ಹಿಡಿದಿದ್ದಾರೆ, ಮುಖ ಕಾಣುತ್ತಿಲ್ಲ, ಹಂಗಽ ನಿಂದರು ಕಾಂತಾ, ನಿಂತಿದ್ದೇನೆ, ಕೆಂಪೇ ಇತ್ತು, ಅಲ್ಲ, ನೀಲಿ, ಚಂದ್ರಿಯ ಆ ಫೋಟೋದಲ್ಲಿ ಗಾಳಿ ಎತ್ತಿದ ಫ್ರಾಕಿನ ಅಂಚು, ಅದನ್ನು ಹಿಡಿದ ಪುಟ್ಟ ಮುಷ್ಟಿ, ಬೂದು, ಮುಷ್ಟಿಯೊಳಗೆ ಮುದುಡಿದ ಬಟ್ಟೆ, ಬೂದು —