ಏಳನೆಯ ಜಾಗ

"ಏಳು ಅಂದಿದೀಯ ಕಣೋ. ಇಲ್ಲಿ ಆರೇ ಇದೆ," ಎಂದು ಅಕ್ಕ ಟೈಪ್ ಮಾಡುವುದನ್ನು ನಿಲ್ಲಿಸಿದಳು.

ಗಾಯಕನ ಕೈ ಚಹಾದ ಲೋಟದ ಮೇಲೇ ಉಳಿಯಿತು. ಒಂದು ಕಾಲಕ್ಕೆ ಅವನು ಗಿಟಾರಿನ ತಂತಿ ಮುಟ್ಟಿದರೆ ಸಾಕು, ಮೈದಾನಕ್ಕೆ ಮೈದಾನವೇ ಎದ್ದು ಕುಣಿಯುತ್ತಿತ್ತು. ಈಗ ಮಾದಕ ಪುಡಿಯ ಚಟ ಬಿಟ್ಟು ಹನ್ನೊಂದು ತಿಂಗಳು. ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಕೂತು ದಿನಾ ಬೆಳಗ್ಗೆ ಅವನು ತನ್ನ ಕಥೆ ಹೇಳುವುದು, ಅವಳು ಬರೆದುಕೊಳ್ಳುವುದು. ಇವತ್ತಿನ ಅಧ್ಯಾಯ, ಪುಡಿ ಬಚ್ಚಿಡುತ್ತಿದ್ದ ಜಾಗಗಳದ್ದು.

"ಗಿಟಾರ್ ಪೆಟ್ಟಿಗೆ ಲೈನಿಂಗು, ಬೂಟಿನ ಹಿಮ್ಮಡಿ, ಶೇವಿಂಗ್ ಡಬ್ಬಿ..." ಅಕ್ಕ ಬೆರಳು ಮಡಚುತ್ತ ಓದಿದಳು. "ಏಳನೇದು ಎಲ್ಲೋ? ಅಜ್ಜಿ ಕಥೆ ರಾಕ್ಷಸನಾದ್ರೂ ತನ್ನ ಜೀವಾನ ಒಂದೇ ಗಿಳಿಯೊಳಗೆ ಇಟ್ಟಿದ್ದ."

"ಎಣಿಕೆ ತಪ್ಪಿರಬೇಕು. ಆರು ಅಂತಲೇ ಹಾಕು."

"ಹಾಡೋವಾಗ ಒಂದು ದಿನಾನೂ ಎಣಿಕೆ ತಪ್ಪಿದವನಲ್ಲ ನೀನು."

ಅವನು ಲೋಟ ಎತ್ತಿ ಒಂದು ಗುಟುಕು ಚಹಾ ಕುಡಿದ. ಬೆನ್ನ ಹಿಂದೆ, ಕಿಟಕಿಯ ಪಕ್ಕದಲ್ಲಿ, ಅವನ ಗಿಟಾರಿನ ಹಳೆಯ ಆಂಪ್ಲಿಫೈಯರ್ ಇತ್ತು. ಅಕ್ಕ ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸುತ್ತಿದ್ದಳು. ಬಂದ ದಿನದಿಂದ ಅವನು ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದ.

"ಸರಿ, ಮರೆತಿದ್ರೆ ಬಿಡು," ಅಕ್ಕ ಚೀಲ ಎತ್ತಿಕೊಂಡಳು. "ಪೇಟೆಗೆ ಹೋಗಿಬರ್ತೀನಿ, ಸಂಜೆ ಆಗುತ್ತೆ. ಅಷ್ಟರಲ್ಲಿ ನೆನಪು ಮಾಡ್ಕೋ."

ಚಿಲಕ ತೆಗೆದ ಸದ್ದಾಯಿತು. ಸಂಜೆಯವರೆಗೆ ಮನೆಯಲ್ಲಿ ಅವನು, ಆ ಆಂಪ್ಲಿಫೈಯರ್, ಇಬ್ಬರೇ. ಸ್ಕ್ರೂಡ್ರೈವರ್ ಅಡುಗೆಮನೆಯ ಯಾವ ಡ್ರಾಯರಿನಲ್ಲಿದೆ ಎಂಬುದು ಕೇಳದೆಯೇ ನೆನಪಿಗೆ ಬಂತು.

"ಅಕ್ಕ, ಹೋಗಬೇಡ."

ಅವಳು ತಿರುಗಿದಳು.

"ಮರೆತಿಲ್ಲ. ಒಂದು ದಿನಾನೂ ಮರೆತಿರಲಿಲ್ಲ." ತಲೆ ಎತ್ತದೆ, ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿದ. "ಅದರ ಹಿಂದಿನ ಹಲಗೆ ಒಳಗೆ."

ಅಕ್ಕ ಚೀಲ ಕೆಳಗಿಟ್ಟು, ಒಳಗಿನಿಂದ ಸ್ಕ್ರೂಡ್ರೈವರ್ ತಂದಳು. ಆಮೇಲೆ ಆಂಪ್ಲಿಫೈಯರ್ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಇಳಿಸಿದಳು. "ನನ್ನ ಮಕ್ಕಳ ಯೂನಿಫಾರ್ಮ್ ಇದರ ಮೇಲೇ ಇಡ್ತಿದ್ದೆನಲ್ಲೋ," ಎಂದಳು, ತನಗೆ ತಾನೇ ಹೇಳಿಕೊಂಡಂತೆ.

ಅವನು ಎರಡೂ ಕೈಗಳನ್ನು ತೊಡೆಯಡಿ ಇಟ್ಟು ಗೋಡೆ ನೋಡುತ್ತ ಕೂತ. ಅಕ್ಕ ಬಿಚ್ಚಿದ ಸ್ಕ್ರೂ ತಟ್ಟೆಗೆ ಬಿದ್ದಾಗಲೆಲ್ಲ ಅವನ ಕಿವಿ ತಾನಾಗಿ ಎಣಿಸಿತು. ಎಂಟನೆಯದಕ್ಕೆ ಹಲಗೆ ಕಿರುಗುಟ್ಟಿತು. ಅದರ ಹಿಂದೆಯೇ ಬಚ್ಚಲಿನತ್ತ ಅಕ್ಕನ ಹೆಜ್ಜೆ. ನಲ್ಲಿ ಸುರಿಯಿತು, ಸುರಿಯುತ್ತಲೇ ಇತ್ತು. ಪುಡಿ ನೀರುಪಾಲಾಗುವ ಮೊದಲೇ ಎದ್ದು ಓಡಬೇಕೆನಿಸಿತು. ಅವನು ಕೈಗಳ ಮೇಲೆ ಇನ್ನಷ್ಟು ಭಾರ ಹಾಕಿ ಕೂತ.

ನೀರು ನಿಂತಿತು. ಅಕ್ಕ ಬಂದು ಕುರ್ಚಿ ಎಳೆದುಕೊಂಡಳು.

"ಹೂಂ, ಏಳನೇದು ಹೇಳು."

ಕೀಲಿಮಣೆಯ ಮೇಲೆ ಅವಳ ಒದ್ದೆ ಬೆರಳುಗಳು ಕಾಯುತ್ತಿದ್ದವು.