ಎಡಗಾಲಿನವಳು

ರಾತ್ರಿ ಎಲ್ಲರೂ ಮಲಗಿದ ಮೇಲೆ ಮೆಟ್ಟಿಲಲ್ಲಿ 'ಟಪ್' ಎಂದು ಸಣ್ಣ ಸದ್ದಾಯಿತು. ಬಿದ್ದದ್ದು ನಾನು. ಮಾಳಿಗೆಯಿಂದ ಇಳಿಯುತ್ತಿದ್ದ ಇಂದುಮತಿ ಟೀಚರ್ ತಿರುಗಿಯೂ ನೋಡಲಿಲ್ಲ. ಎಡಗಾಲು ಬರಿದಾದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ನಾನು ಒಂದು ಎಡಗಾಲಿನ ಚಪ್ಪಲಿ. ಹುಟ್ಟಿದ್ದು ಅಥಣಿಯಲ್ಲಿ. ಒಂದೇ ತೊಗಲಿನಿಂದ ನಮ್ಮಿಬ್ಬರನ್ನೂ ಕತ್ತರಿಸಿದರು, ಹೆಬ್ಬೆರಳಿಗೆ ಕುಣಿಕೆ ಹೊಲಿದರು. ಬಲಗಾಲಿನವಳನ್ನು ಮೊದಲು ಹೊಲಿದರು. ಅಂದಿನಿಂದಲೇ ಅವಳಿಗೆ ಜಂಬ, ನನಗೆ ಹೊಟ್ಟೆಕಿಚ್ಚು. ವಿಜಯಪುರದ ಅಂಗಡಿಯಲ್ಲಿ ಟೀಚರ್ ಮೊದಲು ಕಾಲಿಟ್ಟದ್ದೂ ಅವಳೊಳಗೇ.

ಹೊಸ ಚಪ್ಪಲಿ ಕಚ್ಚಲೇಬೇಕು. ಇಬ್ಬರೂ ಕಚ್ಚಿದೆವು. ಟೀಚರ್ ಕೊಬ್ಬರಿ ಎಣ್ಣೆ ಹಚ್ಚಿಕೊಂಡದ್ದು ಬಲಗಾಲಿಗೆ ಮಾತ್ರ. ಎಡಗಾಲಲ್ಲೂ ಗುಳ್ಳೆ ಎದ್ದಿತ್ತು, ಅವರಿಗೆ ನೋಯಲಿಲ್ಲ. ನಾನು ಕಚ್ಚಿದರೂ ಲೆಕ್ಕಕ್ಕಿಲ್ಲವೇ ಎಂದು ಉರಿದುಕೊಂಡೆ.

ಆ ರಾತ್ರಿಯ ನಂತರ ಆಗಾಗ ಜಾರತೊಡಗಿದೆ. ಒಮ್ಮೆ ಪೇಟೆಯಲ್ಲೇ ಉಳಿದೆ.

"ಹೋಗ್ಲಿ ಬಿಡವಾ, ಚಪ್ಪಲಿ ಹೋದ್ರ ಶನಿ ಹೋದಂಗ," ಎಂದರಂತೆ ಟೀಚರ ತಾಯಿ ನೀಲಗಂಗವ್ವ. ಸಂಜೆ ಹೂ ಮಾರುವವಳು ನನ್ನನ್ನು ತಂದುಕೊಟ್ಟಾಗ ಅವರ ಮುಖ ನೋಡಬೇಕಿತ್ತು!

"ಹಿಡ್ಕೊಳ್ಳಾಕ ನಿನಗ ಬರೂದಿಲ್ಲ," ಎಂದಳು ಬಲಗಾಲಿನವಳು.

"ಅವರೇ ನನ್ನ ಹಿಡಿಯವಲ್ರು," ಎಂದೆ. ಯಾರು ನಂಬುತ್ತಾರೆ?

ಟೀಚರ ಕಣ್ಣೂ ಮಂಜಾದಾಗ ಆಸ್ಪತ್ರೆಗೆ ಹೋದೆವು. ಹೊರಬಂದು ನಮ್ಮನ್ನು ಮೆಟ್ಟುತ್ತ ಟೀಚರ್ ತಾಯಿಗೆ ಹೇಳಿದರು: "ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತವ್ವಾ. ರೋಗಾಣು ತಡಿಯೂ ನನ್ನ ಮೈಯ ಶಕ್ತಿನೇ ನರದ ಮ್ಯಾಲಿನ ಹೊದಿಕಿನ ವೈರಿ ಅಂತ ತಿಳದೈತಿ. ಮಿದುಳಿನ ಮಾತು ಕಾಲಿಗೆ ಸರಿಯಾಗಿ ಮುಟ್ಟವಲ್ದು."

"ಕಾವಲು ನಾಯಿ ಮನಿಯವ್ರನ್ನ ಕಡದಂಗ?"

"ಹಂಗ. ಏರಿಳಿಯೂ ರೋಗ. ಕಡಿಮಿ ಆತಂತ ಔಷಧ ಬಿಡಬಾರದಂತ."

ಕಚ್ಚಿ ಕಚ್ಚಿ ಕೊನೆಗೆ ಹೊಂದಿಕೊಳ್ಳುವುದು ನಮ್ಮ ಗುಣ. ಆ ಕಾವಲಿಗೆ ಅಷ್ಟು ಬುದ್ಧಿ ಇಲ್ಲ.

ಅಂದಿನಿಂದ ಫ್ರಿಜ್ಜಿನಲ್ಲಿ ಚುಚ್ಚುಮದ್ದು ಬಂದು ಕೂತಿತು. ತಂಪಿನ ಜಾಗ, ದಿನವೂ ವಿಚಾರಣೆ. ಅದರ ಮೇಲೂ ನನಗೆ ಮತ್ಸರ. ಕೆಲವು ತಿಂಗಳಿಗೆ ಕಾಲಿಗೆ ಸ್ಪರ್ಶ ಮರಳಿತು. ನೀಲಗಂಗವ್ವ ಓಣಿಗೆಲ್ಲ ಪೇಡೆ ಹಂಚಿದರು. "ದೇವರು ಕಣ್ಣು ಬಿಟ್ಟ. ಇನ್ನ ಸೂಜಿ ಯಾಕ?" ಎಂದು ಅಳುತ್ತ ಆಣೆ ಹಾಕಿಸಿದರು. ಟೀಚರ್ ಸೋತು ಸೂಜಿ ಬಿಟ್ಟರು. ಮಳೆಗಾಲಕ್ಕೆ ರೋಗ ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಎಡಗಾಲು ಮತ್ತೆ ಮರಗಟ್ಟಿತು. ಕೈಗೆ ಕೋಲು ಬಂತು, ಸೂಜಿ ಮತ್ತೆ ಶುರುವಾಯಿತು. ಕಾಲಿಗೆ ಬೆಲ್ಟಿನ ಸ್ಯಾಂಡಲ್ ಬಂದು ನಾವಿಬ್ಬರೂ ಮೆಟ್ಟಿಲ ಕೆಳಗಿನ ಮೂಲೆ ಸೇರಿದೆವು. ಅಲ್ಲಿಯೂ ಗೋಡೆಗೆ ಒರಗುವ ಜಾಗ ಅವಳದೇ.

ನಿನ್ನೆ ಟೀಚರ್ ಯಾಕೋ ನನ್ನನ್ನೊಬ್ಬಳನ್ನೇ ಎಳೆದು ಕಾಲು ತೂರಿಸಿದರು. ಒಣಗಿದ ನನ್ನ ಕುಣಿಕೆಯ ಹೊಲಿಗೆ ಮುಳ್ಳಿನಂತೆ ನಿಂತಿತ್ತು. ಇದ್ದ ಬಲವನ್ನೆಲ್ಲ ಹಾಕಿ ಕಚ್ಚಿದೆ.

"ಹಾ!"

ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. ಕಾಲ್ಬೆರಳನ್ನು ಮತ್ತೆ ಅದೇ ಮುಳ್ಳಿಗೆ ಒತ್ತಿದರು. ನಕ್ಕರು, ಕಣ್ಣು ತುಂಬಿತ್ತು.

"ಏನಾತವಾ?" ಒಳಗಿನಿಂದ ನೀಲಗಂಗವ್ವ.

"ಏನಿಲ್ಲವ್ವಾ, ಜಿರಳಿ."

ಇವತ್ತು ಸೂಜಿಯ ದಿನ. ಟೀಚರ್ ಫ್ರಿಜ್ಜಿನ ಕಡೆಗೊಮ್ಮೆ ನೋಡಿದರು, ಆಮೇಲೆ ನನ್ನ ಕಡೆಗೆ ಬಾಗಿದರು.

"ಯಾರಿಗೂ ಹೇಳೂದು ಬ್ಯಾಡ. ಗೊತ್ತಾದ್ರ ಅವ್ವ ಮತ್ತ ಸೂಜಿ ಬಿಡಸ್ತಾಳ," ಎಂದರು, ನನಗಷ್ಟೇ ಕೇಳುವಂತೆ.

ಬಲಗಾಲಿನವಳಿಗೆ ಕೇಳಿಸಲಿಲ್ಲ.