ರಸೂಲಸಾಬನ ಎದೆಯ ಮೇಲಿನ ಕೈ

"ನಿಲ್ರಿ, ನೀರ ಹಾಕಬ್ಯಾಡ್ರಿ!" ಎನ್ನುತ್ತ ಶಂಕ್ರೆಪ್ಪ, ಹೆಣಕ್ಕೆ ಕೊನೆಯ ಸ್ನಾನ ಮಾಡಿಸಲು ನಿಂತಿದ್ದ ಮುಲ್ಲಾಸಾಬರ ಕೈಯಲ್ಲಿದ್ದ ತಂಬಿಗೆಯನ್ನೇ ಹಿಡಿದುಬಿಟ್ಟ.

ಅಂಗಳದ ಪರದೆಯ ಹಿಂದೆ ಹಲಗೆಯ ಮೇಲೆ ರಸೂಲಸಾಬ ಮಲಗಿದ್ದ. ರಾಮದುರ್ಗದ ಟಾಕೀಜಿನಲ್ಲಿ ಇಪ್ಪತ್ತೆಂಟು ವರ್ಷ ಸಿನಿಮಾ ಯಂತ್ರ ಓಡಿಸಿದವನು. ಬೆಳಿಗ್ಗೆ ಚಹಾ ಕುಡಿಯುವಾಗ ಎದೆ ಹಿಡಿದುಕೊಂಡು ವಾಲಿದ್ದ. ಶಂಕ್ರೆಪ್ಪ ಅದೇ ಟಾಕೀಜಿನ ಗೇಟಿನಲ್ಲಿ ಟಿಕೀಟು ಹರಿಯುತ್ತಿದ್ದ ಗೆಳೆಯ.

"ಏನಾತು ಕಾಕಾ?" ಎಂದ ಮಗ ವಾಸೀಮ್.

"ಇನ್ನೊಂದೀಟು ನೋಡೂಣಪಾ. ಜೀವ ಇದ್ರ?"

"ಡಾಕ್ಟರು ನೋಡಿ ಹೋಗ್ಯಾರ. ಮಂದಿ ಮುಂದ ಹಿಂಗ ಮಾಡಬ್ಯಾಡ್ರಿ."

ಶಂಕ್ರೆಪ್ಪ ಸುತ್ತ ನಿಂತವರತ್ತ ನೋಡಿದ. ಬೇರೆ ಧರ್ಮದವರ ಮನೆ, ಸತ್ತವರ ಕೆಲಸ. ಯಾರಾದರೂ ಹೊರಗೆ ನಡೆ ಅಂದರೆ? ಆದರೂ ತಂಬಿಗೆ ಬಿಡಲಿಲ್ಲ. "ಮಾತ ಕೊಟ್ಟೇನಿ ಅವಗ."

*

ಏಳು ವರ್ಷದ ಹಿಂದೆ, ತೊಂಬತ್ತೇಳರಲ್ಲಿ ಟಾಕೀಜಿಗೆ ಒಂದು ಹೆದರಿಕೆಯ ಚಿತ್ರ ಬಂದಿತ್ತು. ಹೆಸರು ಬೀಳುವ ಮೊದಲೇ ತೆರೆ ಕಪ್ಪಗಾಗಿ ಬರೀ ಉಸಿರಾಟ ಕೇಳುತ್ತಿತ್ತು. ಆಮೇಲೆ ಉಗುರಿನಿಂದ ಕಟ್ಟಿಗೆ ಕೆರೆಯುವ ಸದ್ದು. ಯಾರು, ಎಲ್ಲಿ, ಒಂದೂ ತಿಳಿಯದು. ಕೊನೆಗೊಮ್ಮೆ ಕಡ್ಡಿ ಗೀರಿದಾಗ ಒಂದು ಮುಖ, ಅದರಿಂದ ಗೇಣಿನಷ್ಟೇ ಮೇಲೆ ಮೊಳೆ ಹೊಡೆದ ಹೆಣದ ಪೆಟ್ಟಿಗೆಯ ಮುಚ್ಚಳ.

"ಮೊದಲs ತೋರಿಸಿದ್ರ ಹೆದರಿಕಿ ಅರ್ಧ ಹೋಗತೈತಿ ನೋಡು," ಎಂದು ರಸೂಲಸಾಬ ಹಿಗ್ಗಿದ್ದ. ಶುರುವಿಗೆ ಚಿತ್ರದ ದನಿ ತಗ್ಗಿಸುತ್ತಿದ್ದ. ಮಂದಿ ಕೆಮ್ಮುವುದನ್ನೂ ಬಿಟ್ಟು ಮುಂದೆ ಬಾಗಿದ ಮೇಲೆ ಒಮ್ಮೆಲೇ ಏರಿಸುತ್ತಿದ್ದ. ಹೆಂಗಸರ ಕಡೆಯಿಂದ ಚೀರಾಟ ಕೇಳಿ ಕ್ಯಾಬಿನ್ನಿನಲ್ಲಿ ಒಬ್ಬನೇ ನಗುತ್ತಿದ್ದ.

ಮೂರನೆಯ ವಾರ ಆ ನಗು ನಿಂತಿತು. ಒಂದು ಮ್ಯಾಟಿನಿಯಲ್ಲಿ, ರೀಲು ಓಡುತ್ತಿರುವಾಗಲೇ, ಬೆವತು ಹೊರಗೆ ಬಂದು ಶಂಕ್ರೆಪ್ಪನ ತೋಳು ಹಿಡಿದ.

"ಪೆಟಿಗ್ಯಾಗ ನಾನs ಅದೇನಿ ಅನಸಾಕತ್ತೈತಿ ಶಂಕ್ರ್ಯಾ. ನಮ್ಮಾಗ ಲಗೂನ ಮಣ್ಣ ಮಾಡತಾರ. ನಾ ಸತ್ತಾಗ, ಖರೇನ ಹೋಗೇನೋ ಇಲ್ಲೋ, ನೀ ಕುಂತು ನೋಡು. ಮಾತ ಕೊಡು."

*

"ಅವರು ಹೇಳಿದಂಗ ಕೇಳು ವಾಸೀಮ್," ಶಂಕ್ರೆಪ್ಪ ಇದನ್ನೆಲ್ಲ ಹೇಳಿ ಮುಗಿಸಿದಾಗ ಬಾಗಿಲ ಒಳಗಿನಿಂದ ತಾಯಿ ಜೈಬುನ್ನಿಸಾಳ ದನಿ ಬಂತು. "ಎಂಥಾ ಥಂಡಿ ಇದ್ರೂ ನಿಮ್ಮಬ್ಬಾ ಮಾರಿಮ್ಯಾಲೆ ಚಾದರ ಎಳಕೊತಿದ್ದಿಲ್ಲ. ಯಾಕಂತ ಒಂದ ದಿನಾ ಕೇಳಿದ್ಯೇನು?"

ವಾಸೀಮ್ ತಲೆ ತಗ್ಗಿಸಿದ. ಮುಲ್ಲಾಸಾಬರು ತಂಬಿಗೆ ಕೆಳಗಿಟ್ಟರು. "ಮೂರು ಗಂಟೆತನಕ ಕೂಡ್ರಿ. ಆಮ್ಯಾಲೆ ತಡಿಯಾಕ ಆಗೂದಿಲ್ಲ."

ಶಂಕ್ರೆಪ್ಪ ಗೆಳೆಯನ ಎದೆಯ ಮೇಲೆ ಅಂಗೈ ಇಟ್ಟು ಕೂತ. ಸ್ವಲ್ಪ ಹೊತ್ತಿಗೆ ಕೈಯ ಕೆಳಗೆ ಏನೋ ಬಡಿಯಿತು. "ರಸೂಲಾ?" ಎಂದ. ಬಡಿಯುತ್ತಿದ್ದುದು ತನ್ನದೇ ಬೆರಳಿನ ನಾಡಿ ಎಂದು ತಿಳಿಯಲು ಬಹಳ ಹೊತ್ತು ಹಿಡಿಯಿತು. ತಿಳಿದ ಮೇಲೂ ನಂಬಿಕೆ ಬರಲಿಲ್ಲ. ರಸೂಲಸಾಬನ ತುಟಿಯ ಮೇಲೆ ನೊಣ ಕೂತಿತು, ಓಡಾಡಿತು. ತುಟಿ ಅಲುಗಲಿಲ್ಲ. ಎದೆ ನಿಧಾನವಾಗಿ ಹಲಗೆಯಷ್ಟೇ ತಣ್ಣಗಾಯಿತು.

ಮೂರು ಗಂಟೆಗೆ ಕೈ ಎತ್ತಲು ಬರಲಿಲ್ಲ, ಮರಗಟ್ಟಿತ್ತು. ವಾಸೀಮ್ ಬಗ್ಗಿ ಒಂದೊಂದೇ ಬೆರಳು ಬಿಡಿಸಿದ.

"ಹೋಗ್ಯಾನ," ಎಂದ ಶಂಕ್ರೆಪ್ಪ.

ಕಬರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿ ತಿರುಗಿದರು. ಗೇಟಿನ ಹತ್ತಿರ ಬಂದಾಗ ಶಂಕ್ರೆಪ್ಪನ ಪಕ್ಕದಲ್ಲಿ ವಾಸೀಮ್ ಇರಲಿಲ್ಲ. ಹಿಂದೆ ನೋಡಿದ. ಹುಡುಗ ಹಸಿ ಮಣ್ಣಿನ ಬದಿಗೆ ಮೊಣಕಾಲೂರಿ, ಮಣ್ಣಿಗೆ ಕಿವಿಗೊಟ್ಟು ಕೂತಿದ್ದ.

"ಬಾರಪಾ, ಎಲ್ಲಾರೂ ಹೊಂಟಾರ."

ವಾಸೀಮ್ ಅವನತ್ತ ನೋಡಲಿಲ್ಲ. ಮಣ್ಣು ಮೆತ್ತಿದ ಬೆರಳನ್ನು ತುಟಿಗಿಟ್ಟು, ಸದ್ದು ಮಾಡಬೇಡವೆಂದು ಸನ್ನೆ ಮಾಡಿದ.